ಬಲಗಡೆಯ ಬಾಗಿಲು

ಬಹ್ರೇನಿನ ಹಿದ್ ಪಟ್ಟಣದಲ್ಲಿ ಹಳೆಯ ಫೋರ್-ವೀಲ್ ಡ್ರೈವ್ ಗಾಡಿಯೊಂದನ್ನು ಕೊಳ್ಳಲು ಹೋಗಿದ್ದೆ. ಮಾಲೀಕರು ವಯಸ್ಸಾದ ಬಹ್ರೇನಿ. "ಚಳಿಗಾಲದಲ್ಲಿ ಮರುಭೂಮಿಗೆ ಹೋಗಿ ಟೆಂಟ್ ಹಾಕಬೇಕು" ಎಂದೆ. "ಯಾರ ಜೊತೆ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಟಯರ್ ನೋಡುತ್ತ ನಿಂತೆ.

ಓಡಿಸಿ ನೋಡು ಎಂದು ಕೀ ಕೊಟ್ಟರು. ಊರಿನ ಅಭ್ಯಾಸ, ಬಲಗಡೆಯ ಬಾಗಿಲು ತೆಗೆದು ಕೂತೆ. ಎದುರಿಗೆ ಸ್ಟೇರಿಂಗೇ ಇಲ್ಲ ಮಾರಾಯ್ರೆ! ಇಲ್ಲಿ ಅದು ಎಡಕ್ಕಲ್ಲವೇ? ನಾಚಿಕೆಯಿಂದ ಇಳಿಯುವಷ್ಟರಲ್ಲಿ ಅವರೇ ಕೀ ಇಸ್ಕೊಂಡು ಆ ಕಡೆಯಿಂದ ಹತ್ತಿದರು. "ಕೂತ್ಕೋ ಬೇಟಾ, ನಾನೇ ತೋರಿಸ್ತೇನೆ."

ಕಲ್ಲುಮಣ್ಣಿನ ದಾರಿಯಲ್ಲಿ ಒಂದು ಗಂಟೆ ಸುತ್ತಿಸಿದರು. ಈ ದೇಶಕ್ಕೆ ಬಂದ ಮೇಲೆ ನನ್ನನ್ನು ಒಬ್ಬರು ಸುತ್ತಾಡಿಸಿದ್ದು ಅದೇ ಮೊದಲು. ಬಾನೆಟ್ ಎತ್ತಿಯೂ ನೋಡದೆ ಗಾಡಿ ಕೊಂಡೆ.

ಈಗಲೂ ಒಮ್ಮೊಮ್ಮೆ ಬಲಗಡೆಯೇ ಹತ್ತಿ ಕೂರುತ್ತೇನೆ. ಹಳೆಯ ಅಭ್ಯಾಸ ಬಿಟ್ಟಿಲ್ಲ ಎಂದು ಹೇಳಿಕೊಂಡು, ಸ್ವಲ್ಪ ಹೊತ್ತು ಕಾದು, ಎಡಕ್ಕೆ ಬರುತ್ತೇನೆ.