ತಿರುವಿನಲ್ಲಿ ಮಗುಚಿದ ಹದಿನೇಳನೇ ನಂಬರಿನ ಕಾರು

ಆ ಫೋಟೋ ನನ್ನ ಫೋನಿಗೆ ಬಂದಾಗ ನಾನು ಮಾನಂದವಾಡಿಯ ಆಸ್ಪತ್ರೆಯಲ್ಲಿ ಸಕ್ಕರೆ ಪರೀಕ್ಷೆಯ ಟೋಕನ್ ಹಿಡಿದು ಕೂತಿದ್ದೆ. ಹಳೆಯ ಚಿತ್ರಗಳನ್ನು ಹಂಚಿಕೊಳ್ಳುವ ಒಂದು ಗುಂಪಿನಲ್ಲಿ ಮೈಸೂರಿನವರೊಬ್ಬರು ಹಾಕಿದ್ದರು. ಕಪ್ಪು ಬಿಳುಪು ಚಿತ್ರ. ರಸ್ತೆ ಬದಿಯಲ್ಲಿ ಚಕ್ರ ಮೇಲಾಗಿ ಬಿದ್ದ ರೇಸಿನ ಕಾರು, ಬಾಗಿಲ ಮೇಲೆ ಹದಿನೇಳು ಎಂಬ ಅಂಕಿ, ಸುತ್ತ ಏಳೆಂಟು ಜನ. 'ನೀಲಗಿರಿಯ ಯಾವುದೋ ಘಾಟಿ ಇರಬೇಕು, ಜಾಗ ಗೊತ್ತಿದ್ದವರು ತಿಳಿಸಿ' ಎಂದು ಕೆಳಗೆ ಬರೆದಿತ್ತು.

ಹೊತ್ತು ಹೋಗಲಿ ಎಂದು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಕಾರಿನ ಹಿಂದೆ ಮೈಲಿಗಲ್ಲೊಂದರ ಅಂಚು, ಅದರ ಮೇಲೆ ಮಲಯಾಳ ಲಿಪಿಯಲ್ಲಿ 'ವಾಡಿ' ಎಂಬ ಎರಡೇ ಅಕ್ಷರ, ನಮ್ಮ ಮಾನಂದವಾಡಿಯ ಬಾಲದಂತೆ. ನೀಲಗಿರಿಯಲ್ಲಿ ಮಲಯಾಳದ ಮೈಲಿಗಲ್ಲು ಎಲ್ಲಿಂದ ಬಂತು? ಪಕ್ಕದಲ್ಲಿ ಮೋರಿಯ ಕಟ್ಟೆ, ಅದರ ತುದಿಯ ಕಲ್ಲು ಮುಕ್ಕಾಗಿತ್ತು. ಆ ಮುಕ್ಕಿಗೆ ಪುಸ್ತಕದ ಚೀಲ ಸಿಕ್ಕಿಸಿ ನಾನು ಐದು ವರ್ಷ ಶಾಲೆಯ ಬಸ್ಸು ಕಾದಿದ್ದೇನೆ. ನರ್ಸ್ ನನ್ನ ನಂಬರು ಕೂಗಿದಾಗ ನಾನಾಗಲೇ ಮೆಟ್ಟಿಲಿಳಿಯುತ್ತಿದ್ದೆ.

ಕಾಟಿಕುಳದ ಹತ್ತಿರ, ಕುಟ್ಟದ ರಸ್ತೆಯಿಂದ ತೃಶ್ಶಿಲೇರಿಗೆ ದಾರಿ ಒಡೆಯುವ ತಿರುವು ಅದು. ಅಲ್ಲೊಂದು ಚಾಯಕಡೆ, ಅಂದರೆ ಚಹಾದಂಗಡಿ, ಇತ್ತು. ಅದನ್ನು ನಡೆಸುತ್ತಿದ್ದವರನ್ನು ನಾವು ಮಾವ ಅನ್ನುತ್ತಿದ್ದೆವು. ನೆಂಟರೇನಲ್ಲ, ನಮ್ಮದು ಜೈನರ ಮನೆ, ಅವರ ಹಿರಿಯರು ಎಚ್.ಡಿ. ಕೋಟೆ ಕಡೆಯಿಂದ ಬಂದು ನೆಲೆಸಿದವರು. ನಮ್ಮೊಂದಿಗೆ ಕನ್ನಡ ಮಾತಾಡುತ್ತಿದ್ದರು, ಮಾವನಾಗಲು ಅಷ್ಟು ಸಾಕಾಗಿತ್ತು. ಉದ್ದನೆಯ ಆಳು, ಎರಡೂ ಕಿವಿಗೆ ಕೆಂಪು ಹರಳಿನ ಒಂಟಿ, ಹೆಗಲ ಮೇಲೆ ತೋರ್ತು ಎಂಬ ತೆಳ್ಳನೆಯ ಟವೆಲು... ಚಾಯ ಎತ್ತಿ ಹೊಯ್ಯುವಾಗಲೂ ಕಣ್ಣು ರಸ್ತೆಯ ಮೇಲೇ.

ಬಸ್ಸು ತಡವಾದಷ್ಟೂ ನಮಗೆ ಖುಷಿ, ಅವರ ಕಾರಿನ ಕಥೆ ಕೇಳಬಹುದಿತ್ತು. ನಾನಿನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಕುಟ್ಟದ ಕಡೆಯಿಂದ ರೇಸಿನ ಕಾರುಗಳು ಬಂದುವಂತೆ. ಒಂದು ಕಾರು ಮೋರಿಯ ಹತ್ತಿರ ಜಾರಿ, ಉರುಳಿ, ಅಂಗಡಿಯ ಎದುರೇ ಮಗುಚಿತಂತೆ. ಪೆಟ್ರೋಲು ಸೋರುತ್ತಿದ್ದರಿಂದ ಯಾರೂ ಹತ್ತಿರ ಸುಳಿಯಲಿಲ್ಲ. ಮಾವ ಉರಿಯುವ ಒಲೆಗೆ ಒಂದು ಕೊಡ ನೀರು ಸುರಿದು, ಓಡಿಹೋಗಿ ಕಿಟಕಿಯೊಳಗೆ ತೂರಿ, ಓಡಿಸುತ್ತಿದ್ದವರನ್ನು ಹೊರಗೆ ಎಳೆದರಂತೆ. ತಲೆಯ ಟೊಪ್ಪಿ ಬಿಚ್ಚಿದರೆ...

"ಅದು ಹೆಂಗಸು, ಮೋಳೇ," ಎನ್ನುತ್ತಿದ್ದರು, ನನ್ನನ್ನು ಮಲಯಾಳದಲ್ಲಿ ಮಗಳೇ ಎಂದು ಕರೆದು. "ಹಣೆ ಒಡೆದು ನೆತ್ತರು ಇಳೀತಾ ಇತ್ತು. ಆದ್ರೂ ಮೊದ್ಲು ಕೇಳಿದ್ದು, ವಂಡಿ ಹೆಂಗಿದೆ ಅಂತ."

ತಮ್ಮ ತೋರ್ತನ್ನೇ ಆಕೆಯ ಹಣೆಗೆ ಕಟ್ಟಿದ್ದನ್ನು ಕೈ ಸುತ್ತಿಸಿ ತೋರಿಸುತ್ತಿದ್ದರು. ಮಕ್ಕಳಾದ ನಾವು ನಂಬುತ್ತಿದ್ದೆವು, ದೊಡ್ಡವರು ನಗುತ್ತಿದ್ದರು. ಸಾಕ್ಷಿ ಹೇಳುವವರೂ ಇರಲಿಲ್ಲ. ಅಂದು ಅಲ್ಲಿದ್ದವರು ಮರ ಕಡಿಯಲು ಬಂದ ಹೊರಗಿನ ಆಳುಗಳು, ಕೆಲಸ ಮುಗಿಸಿ ಹೋಗಿಬಿಟ್ಟಿದ್ದರು.

ಕಾಲೇಜು ಸೇರಿದ ವರ್ಷ ನನಗೆ ಸ್ವಲ್ಪ ಜಂಬ ಬಂದಿತ್ತು. ಯಾರೋ ಮೇಷ್ಟ್ರನ್ನು ಕೇಳಿಕೊಂಡು ಬಂದು, ಅಂಗಡಿ ತುಂಬ ಜನ ಇದ್ದಾಗ ಹೇಳಿಬಿಟ್ಟೆ: "ಮಾವ, ನಾನು ವಿಚಾರಿಸಿದೆ. ಈ ರೋಡಲ್ಲಿ ರೇಸೇ ನಡೆದಿಲ್ವಂತೆ. ಹೆಂಗಸರು ಓಡಿಸೋದಂತೂ ಇಲ್ವೇ ಇಲ್ಲ."

ಬೆಂಚಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಾವ ಸಿಟ್ಟಾಗಲಿಲ್ಲ. ನನ್ನ ಚಾಯ ನನ್ನ ಮುಂದಿಟ್ಟು, ಗ್ಲಾಸು ತೊಳೆಯಲು ಒಳಗೆ ಹೋದರು. ಆಮೇಲೆ ಆ ಕಥೆಯನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಯಾರಾದರೂ ಕೆಣಕಿದರೂ ಇಲ್ಲ.

ಆಸ್ಪತ್ರೆಯಿಂದ ಜೀಪು ಹಿಡಿದು ನೇರ ಆ ತಿರುವಿಗೆ ಹೋದೆ. ಚಾಯಕಡೆ ಇದ್ದಲ್ಲಿ ಈಗ ಟಯರಿನ ಅಂಗಡಿ. ರಸ್ತೆ ಅಗಲವಾಗಿ, ಮೈಲಿಗಲ್ಲು ಮಾಯವಾಗಿತ್ತು. ಹಳೆಯ ಮೋರಿ ಮಾತ್ರ ಪಕ್ಕದ ಪೊದೆಯೊಳಗೆ ಎಲ್ಲೋ ಉಳಿದಿರಬೇಕು ಅನಿಸಿತು. ಜೀಪಿನವನಿಗೆ ನನ್ನ ಹುಚ್ಚು ಅಂಟಿತು. ಸೀಟಿನಡಿಯ ಕತ್ತಿ ತೆಗೆದು ಪೊದೆ ಸವರಿದ. ಕಲ್ಲು ಸಿಕ್ಕಿತು. ಮುಕ್ಕೂ ಸಿಕ್ಕಿತು. ಫೋನನ್ನು ಕಣ್ಣಿಗೆ ಸಮವಾಗಿ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಟ್ಟೆ. ಚಿತ್ರದ ಗುಡ್ಡ ಎದುರಿನ ಗುಡ್ಡದ ಮೇಲೆ ಗೆರೆಗೆ ಗೆರೆ ಕೂತಿತು. ನಾನು ಚಿಕ್ಕ ಹುಡುಗಿಯ ಹಾಗೆ ಕೂಗಿಕೊಂಡೆನಂತೆ, ಜೀಪಿನವನು ಆಮೇಲೆ ಹೇಳಿದ.

ಅಷ್ಟು ಹೊತ್ತೂ ಕಲ್ಲು, ಗುಡ್ಡ ನೋಡುತ್ತಿದ್ದೆನೇ ಹೊರತು ಜನರನ್ನು ನೋಡಿರಲಿಲ್ಲ. ಟಯರಂಗಡಿಯ ನೆರಳಿಗೆ ಬಂದು ನೋಡಿದೆ. ಚಿತ್ರದ ಮೂಲೆಯಲ್ಲಿ ಒಂದು ಬೆಂಚು. ಅದರ ಮೇಲೆ ಕೂದಲು ಕತ್ತರಿಸಿಕೊಂಡ, ಪ್ಯಾಂಟು ತೊಟ್ಟ ಹೆಂಗಸು. ಆಕೆಯ ಹಣೆಗೆ ಬಟ್ಟೆ ಕಟ್ಟುತ್ತಾ ಬಾಗಿದ್ದ ಉದ್ದನೆಯ ಯುವಕ, ಬರಿಮೈ, ಕಿವಿಯಲ್ಲಿ ಒಂಟಿ.

ಅಲ್ಲಿದ್ದ ಟಯರುಗಳ ಮೇಲೆಯೇ ಕೂತುಬಿಟ್ಟೆ.

ಮೈಸೂರಿನವರಿಗೆ ಜಾಗದ ಜೊತೆಗೆ ಮಾವನ ಪೂರ್ತಿ ಹೆಸರನ್ನೂ ಮನೆತನವನ್ನೂ ಬರೆದು ಕಳಿಸಿದೆ. ಅವರು ಕೂಡಲೇ ಫೋನು ಮಾಡಿದರು. ಆಲ್ಬಮ್ಮು ಆ ಚಾಲಕಿಯ ಮನೆಯದೇ ಅಂತೆ. ಆಕೆ ತೀರಿಕೊಂಡು ಬಹಳ ವರ್ಷವಾಗಿದೆ. ಅದೇ ದಿನ ಚಿತ್ರದ ಕೆಳಗಿನ ಸಾಲು ಬದಲಾಯಿತು. ನೀಲಗಿರಿ ಹೋಗಿ ನಮ್ಮ ತಿರುವು ಬಂತು, ಮಾವನ ಹೆಸರೂ ಬಂತು.

ಮರುದಿನ ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ತೋಲ್ಪೆಟ್ಟಿ ಊರಿಗೆ, ಮಾವನ ಮಗಳ ಮನೆಗೆ ಹೋದೆ. ಆಕೆ ಕೈ ಒರೆಸಿಕೊಂಡು ಬಂದು ತುಂಬ ಹೊತ್ತು ನೋಡಿದಳು. ಕಾರಿನ ಕಥೆ ಹೊರಗೆ ಹೇಳಬೇಡಿ, ನಗುತ್ತಾರೆ ಎಂದು ಅಪ್ಪ ಮನೆಯವರಿಗೆ ತಾಕೀತು ಮಾಡಿದ್ದನ್ನು ಹೇಳಿದಳು.

ಅಂದು ಎಲ್ಲರೆದುರು ನಗಿಸಿದ್ದು ನಾನೇ ಎಂದೆ.

"ಗೊತ್ತು ಚೇಚಿ," ಎಂದಳು. "ಅಪ್ಪ ಹೇಳಿದ್ದ. ಓದಿದ ಹುಡುಗಿ ಹೇಳ್ತಾಳೆ ಅಂದ್ರೆ ನನಗೇ ಕನಸು ಬಿದ್ದಿರಬೇಕು ಅಂತ. ಕೊನೆ ಕೊನೆಗೆ ಅವನಿಗೇ ಸಂಶಯ ಬಂದುಬಿಟ್ಟಿತ್ತು."

ಮಾವ ಹೋಗಿ ಹನ್ನೊಂದು ವರ್ಷ. ಅವರು ಬದುಕಿದ್ದಾಗ ಎಷ್ಟು ಸಲ ಆ ತಿರುವಿನಲ್ಲಿ ಬಸ್ಸಿಳಿದಿದ್ದೆ...

ಆಕೆ ಮೊಳೆ ತಂದಳು. ಇಬ್ಬರೂ ಸೇರಿ ಚಿತ್ರವನ್ನು ಗೋಡೆಗೆ ಹಾಕಿದೆವು.