ಮೇಷ್ಟ್ರಿಗಾಗಿ ಕಾಯದ ಒಂದು ಮಧ್ಯಾಹ್ನ

ಕಲಿಯುವ ಹಂಬಲಕ್ಕೆ ನಿವೃತ್ತಿಯಿಲ್ಲವೆಂದು ವೇದಿಕೆಯ ಮೇಲೆ ಹೇಳಿದವರು ಬಹಳ ಮಂದಿ. ಅದನ್ನು ನಂಬಿ ಹಿರಿಯರನ್ನು ಬಸ್ಸು ಹತ್ತಿಸಿ, ಗಾಜಿನ ಕುಲುಮೆಯ ಎದುರಿಗೂ ಕಡಲತೀರದ ಹಳೆಯ ದೀಪಸ್ತಂಭಗಳ ನೆತ್ತಿಗೂ ವಸ್ತುಸಂಗ್ರಹಾಲಯಗಳ ಉಗ್ರಾಣಗಳಿಗೂ ಕರೆದೊಯ್ದವರು ಕೆಲವರೇ. ಆ ಕೆಲವರಲ್ಲಿ ಮೊದಲ ಸಾಲಿಗೆ ಸೇರಿದವರು, ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದಿಂದ ಈಗ ನಿವೃತ್ತರಾಗುತ್ತಿರುವ ಅಧ್ಯಯನ ಪ್ರವಾಸಗಳ ಸಂಚಾಲಕಿಯವರು. ಕಚೇರಿಯಲ್ಲಿ ಅವರ ಪದನಾಮ ಎಷ್ಟೇ ಉದ್ದವಿರಲಿ, ಹಿರಿಯ ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಬಸ್ಸಿನ ಮೇಡಂ’.

ಈ ಅಭಿನಂದನಾ ಸಂಪುಟಕ್ಕೆ ಒಪ್ಪಿಗೆ ಕೇಳಲು ಹೋದ ಸಹೋದ್ಯೋಗಿಗಳಾದ ನಮ್ಮ ಮುಂದೆ ಅವರು ಇಟ್ಟದ್ದು ಒಂದೇ ಷರತ್ತು. “ಮೇಷ್ಟ್ರ ವಿಷಯ ಬರೆಯೋದಾದ್ರೆ ಬರೀರಿ. ಅದನ್ನ ಬಿಟ್ಟು ನನ್ನ ಹೊಗಳೋದಾದ್ರೆ ಈ ಪುಸ್ತಕವೇ ಬೇಡ.” ಹೇಳುವಾಗ ಅವರು ತಲೆಯೆತ್ತಿರಲಿಲ್ಲ.

ಅವರು ವಿಭಾಗಕ್ಕೆ ಬಂದ ಕಾಲದಲ್ಲಿ ಹಿರಿಯರ ಪ್ರವಾಸವೆಂದರೆ ಮನೆಯವರು ನಗುತ್ತಿದ್ದರು. ಒಬ್ಬ ಅಜ್ಜಿಯನ್ನು ಕಳಿಸಲು ಮಗ ಸುತರಾಂ ಒಪ್ಪದಿದ್ದಾಗ ಮೇಡಂ ಸ್ವತಃ ಆ ಮನೆಗೆ ಹೋಗಿ, ಹಜಾರದಲ್ಲಿ ಕುಳಿತು, ಔಷಧಿಯ ವೇಳೆಯನ್ನೆಲ್ಲ ಕೇಳಿ ತಿಳಿದುಕೊಂಡು, “ನಿಮ್ಮಮ್ಮನ್ನ ಹೇಗೆ ಕರ್ಕೊಂಡು ಹೋಗ್ತೀನೋ ಹಾಗೇ ತಂದು ಒಪ್ಪಿಸ್ತೀನಿ” ಎಂದು ಮಾತು ಕೊಟ್ಟರು. ಒಳಗಿನಿಂದ ಅಜ್ಜಿ, “ನನ್ನ ಮದುವೇಲೂ ಇಷ್ಟೊಂದು ಮಾತುಕತೆ ನಡೆದಿರಲಿಲ್ಲ ಕಣೇ” ಎಂದರಂತೆ. ಕಿವಿ ಮಂದವಾದವರ ಪಕ್ಕದಲ್ಲಿ ನಿಂತು ಪ್ರತಿ ವಿವರಣೆಯನ್ನೂ ಮತ್ತೊಮ್ಮೆ ಹೇಳುವುದು, ಕಣ್ಣು ಮಂಜಾದವರಿಗೆ ದಪ್ಪಕ್ಷರದ ಪಾಠ ಸಿದ್ಧಪಡಿಸುವುದು ಅವರಿಗೆ ಸಹಜವಾಗಿತ್ತು.

ಆದರೆ ಹೆಸರು ಬಂದಂತೆ ಬಿಡುವು ಹೋಯಿತು. ಹೇಳಿದ ವೇಳೆಗೆ ಹೊರಟು ಹೇಳಿದ ವೇಳೆಗೆ ಮರಳುವುದೇ ಅವರ ಹೆಮ್ಮೆಯಾಯಿತು. ಬೆಟ್ಟದ ಮೇಲಿನ ಹಳೆಯ ಖಗೋಳ ವೀಕ್ಷಣಾಲಯಕ್ಕೆ ಹೋದದ್ದು ಆ ದಿನಗಳಲ್ಲಿ.

ಆ ತಂಡದಲ್ಲಿ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರಿದ್ದರು. ಅಲ್ಲಿನ ದೊಡ್ಡ ದೂರದರ್ಶಕದ ಚಿತ್ರವನ್ನು ಸೇವೆಯುದ್ದಕ್ಕೂ ಕಪ್ಪು ಹಲಗೆಯ ಮೇಲೆ ಬರೆದವರು. ಕಣ್ಣಾರೆ ಎಂದೂ ಕಂಡವರಲ್ಲ. ಮೇಲೆ ಹೋದ ಮೇಲೆ ಅದರ ಬಗ್ಗೆ ನೀವೇ ಮಾತಾಡಬೇಕೆಂದು ಮೇಡಂ ಅವರನ್ನು ಕೇಳಿಕೊಂಡಿದ್ದರು. ಮೇಷ್ಟ್ರು ಹಳೆಯ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿ, ಊಟದ ಮೇಜಿನ ಮೇಲೆ ಹರಡಿ, ಹೆಂಡತಿಯ ಮುಂದೆ ಭಾಷಣ ಒಪ್ಪಿಸಿ ಅಭ್ಯಾಸ ಮಾಡಿಕೊಂಡಿದ್ದರು.

ಬಸ್ಸು ದಾರಿಯಲ್ಲಿ ಕೆಟ್ಟು ತಡವಾಯಿತು. ಮೆಟ್ಟಿಲು ಶುರುವಾಗುತ್ತಲೇ ಮೇಷ್ಟ್ರು ಹಿಂದೆ ಬಿದ್ದರು. ನಾಲ್ಕು ಹೆಜ್ಜೆ ಹತ್ತಿ, ಕಂಬಿ ಹಿಡಿದು, ಉಸಿರು ತೆಗೆದುಕೊಳ್ಳುತ್ತಿದ್ದರು. ಗೋಪುರದ ಕಾವಲುಗಾರ ಬಾಗಿಲು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು. ಎಲ್ಲರೂ ಕೇಳುವಂತೆ ಮೇಡಂ ಕೂಗಿಬಿಟ್ಟರು: “ಮೇಷ್ಟ್ರೇ, ನಿಮ್ಮೊಬ್ಬರಿಗೋಸ್ಕರ ಇಷ್ಟು ಜನ ಕಾಯೋಕಾಗುತ್ತಾ? ನೀವು ಬಸ್ಸಲ್ಲೇ ಕೂತಿರಿ.”

ಮೇಷ್ಟ್ರು ನಕ್ಕರು. “ಆಗಲಿ ಮೇಡಂ, ನೀವು ಹೋಗಿ ಬನ್ನಿ” ಎಂದು, ತಪ್ಪು ಮಾಡಿದ ಹುಡುಗನ ಹಾಗೆ ತಲೆತಗ್ಗಿಸಿ ಕೆಳಗಿಳಿದರು.

ಮೇಲೆ ದೂರದರ್ಶಕದ ಬಗ್ಗೆ ಮೇಡಂ ತಾವೇ ಮಾತಾಡಿದರು. ಹಿಂದೊಮ್ಮೆ ತರಗತಿಯಲ್ಲಿ ಮೇಷ್ಟ್ರು ಹೇಳಿದ್ದ ವಿವರಗಳನ್ನೇ ಹೇಳಿದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ನಡುವೆಯೇ ಕಾವಲುಗಾರ ಹತ್ತಿರ ಬಂದು, “ನಿಧಾನವಾಗಿ ನೋಡಿ ಮೇಡಂ, ನಿಮ್ಮವರು ಇನ್ನೂ ಯಾರಾದ್ರೂ ಬರೋರಿದ್ರೆ ಬಾಗಿಲು ತೆಗೆದಿರ್ತೀನಿ” ಎಂದ. ಅವನನ್ನು ಒಂದು ಮಾತು ಕೇಳಬೇಕೆಂದು ತಮಗೆ ತೋಚಲೇ ಇಲ್ಲವಲ್ಲ ಎಂದು ಮೇಡಂಗೆ ಮುಖ ಬಿಸಿಯಾಯಿತು. ಓಡಿ ಇಳಿದು ಬಂದರೆ ಮೇಷ್ಟ್ರು ಬಸ್ಸಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಎಬ್ಬಿಸುವ ಧೈರ್ಯ ಬರಲಿಲ್ಲ. ನಿದ್ದೆಯಲ್ಲವೆಂದು ಅವರಿಗೆ ಗೊತ್ತಿತ್ತು.

ಮೇಷ್ಟ್ರು ಮತ್ತೆ ತರಗತಿಗೆ ಬರಲಿಲ್ಲ. ಕ್ಷಮೆ ಕೇಳಲು ಮೇಡಂ ಮನೆಗೆ ಹೋದಾಗ ಬಾಗಿಲು ತೆರೆದದ್ದು ಅವರ ಹೆಂಡತಿ. “ನಿಮ್ಮನ್ನ ಒಂದು ಮಾತೂ ಅಂದಿಲ್ಲಮ್ಮ. ಬಂದವರೇ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿಬಿಟ್ರು, ಅಷ್ಟೇ.” ಮೇಷ್ಟ್ರು ಕಾಫಿ ಕೊಡಿಸಿ ಆದರದಿಂದ ಮಾತಾಡಿಸಿದರು. ನಿಮ್ಮನ್ನು ನಾನೊಬ್ಬಳೇ ಮತ್ತೆ ಆ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮೇಡಂ ಅಂಗಲಾಚಿದಾಗ, “ಬೇಡಮ್ಮ, ಈಗ ಅದರಲ್ಲಿ ಮನಸ್ಸಿಲ್ಲ” ಎಂದರು. ಬೈದಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರು.

ಇಂದು ಬೇರೆ ವಿಶ್ವವಿದ್ಯಾಲಯಗಳೂ ಮೆಚ್ಚಿ ಅನುಸರಿಸುತ್ತಿರುವ ಅವರ ಪದ್ಧತಿ ಹುಟ್ಟಿದ್ದು ಆ ಮನೆಯಿಂದ ಹೊರಬಿದ್ದ ಸಂಜೆ: ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ತಕ್ಕಂತೆ ದಿನದ ಯೋಜನೆ, ಅವರು ಬಂದು ಕುಳಿತ ಮೇಲಷ್ಟೇ ಪಾಠ. ಇದಕ್ಕಾಗಿ ಯಾರಾದರೂ ಹೊಗಳಿದರೆ ಮೇಡಂ ಎದ್ದು ಹೋಗುತ್ತಿದ್ದುದನ್ನು ವಿನಯವೆಂದು ತಿಳಿದಿದ್ದೆವು. ಅದು ನಾಚಿಕೆ.

ಕೆಲವು ವರ್ಷಗಳ ಮೇಲೆ ಅದೇ ಬೆಟ್ಟದ ಪ್ರವಾಸಕ್ಕೆ ಹೆಸರು ಕೊಡಲು ಮೇಷ್ಟ್ರ ಹೆಂಡತಿ ಬಂದರು. “ಅವರು ಬರಲ್ಲ. ನಾನು ಬರ್ತೀನಿ. ನಂದೂ ಮಂಡಿನೋವಿನ ನಡಿಗೆ, ಮೊದಲೇ ಹೇಳಿರ್ತೀನಿ.” ಮೇಡಂ ಅವರ ಜೊತೆಗೇ ಹತ್ತಿದರು. ಮೇಲೆ ಎಲ್ಲರೂ ಕಟ್ಟೆಯ ಮೇಲೆ ಕುಳಿತು ಹರಟುತ್ತಿದ್ದರು. ಆ ತಾಯಿ ಬಂದು ದಣಿವಾರಿಸಿಕೊಂಡ ಮೇಲೆಯೇ ಮಾತು ಶುರುವಾಯಿತು.

ಮುಂದಿನ ತರಗತಿಯಲ್ಲಿ ಆಕೆ ಮೇಡಂ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದರು: “ನೋಡಿದ್ದೆಲ್ಲ ಅವರಿಗೆ ಹೇಳಿದೆ. ದೂರದರ್ಶಕದ ಬಗ್ಗೆ ಏನೂ ಕೇಳಲಿಲ್ಲ. ‘ನಿನಗೆ ಹತ್ತೋಕೆ ತುಂಬ ಹೊತ್ತಾಯ್ತಾ?’ ಅಂದ್ರು. ಹೂಂ ಅಂದೆ. ‘ಕಾದ್ರಾ?’ ಅಂದ್ರು. ಎಲ್ಲರೂ ಕಾದ್ರು ಅಂದೆ. ಆಮೇಲೆ ಆ ಕಡೆ ತಿರುಗಿ ಮಲಗಿಬಿಟ್ರು.”

ಮೇಡಂ ಅಂದು ಪಾಠ ಮುಂದುವರಿಸಲಾರದೆ ತರಗತಿ ಬಿಟ್ಟರು.

ಮೇಷ್ಟ್ರು ಈಗಿಲ್ಲ. ಕ್ಷಮಿಸಿದರೋ ಇಲ್ಲವೋ ಮೇಡಂಗೆ ತಿಳಿಯಲಿಲ್ಲ. ತಿಳಿದಂತೆ ಈ ಲೇಖನವೂ ನಟಿಸುವುದಿಲ್ಲ. ಬರುವ ಅಧ್ಯಯನ ಪ್ರವಾಸಕ್ಕೆ ಅವರು ಸಾಮಾನ್ಯ ವಿದ್ಯಾರ್ಥಿನಿಯಾಗಿ ಹೆಸರು ಕೊಟ್ಟಿದ್ದಾರೆ. ಅವರಿಗೆ ದೀರ್ಘಾಯುಷ್ಯವೂ ತೀರದ ಕುತೂಹಲವೂ ಇರಲಿ. ಅವರ ಹೆಜ್ಜೆ ನಿಧಾನವಾಗುವ ದಿನ ಬಂದಾಗ, ಮುಂದೆ ಹೋದವರು ಹಿಂದಿರುಗಿ ನೋಡಿ ನಿಲ್ಲುವಂತಾಗಲಿ.