ಪರದೆ ಮೇಷ್ಟ್ರು ಮತ್ತು ನಾನು ಬರೆದ ಪತ್ರ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ನೀಲಿ ಬಣ್ಣ ಕೂತುಬಿಟ್ಟಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಪೌರಾಣಿಕ ನಾಟಕಗಳಿಗೆ ಪರದೆ ಬರೆಯುವುದು ಅವರ ಕಸುಬು. ಸುತ್ತಮುತ್ತಲ ಊರುಗಳಿಗೆಲ್ಲ ಅವರು ಪರದೆ ಮೇಷ್ಟ್ರು. ನಾನು ಪಾಂಡವಪುರದ ತಾಲ್ಲೂಕು ಕಚೇರಿ ಎದುರಿನ ಹೊಂಗೆಮರದ ಕೆಳಗೆ ಕೂತು ಕ್ರಯಪತ್ರ, ಭೋಗ್ಯಪತ್ರ ಬರೆಯುವವನು.

ತಾಲೀಮಿಗೆ ಬಂದರೆ ಮೇಷ್ಟ್ರು ಪಾತ್ರಧಾರಿಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಕಣ್ಣೆಲ್ಲ ಪರದೆಯ ಮೇಲೆ. ಒಮ್ಮೆ ಭೀಮ ಬೀಸಿದ ಗದೆ ಪರದೆಯಲ್ಲಿ ಬರೆದಿದ್ದ ಅರಮನೆಯ ಕಂಬಕ್ಕೆ ತಗುಲಿತು. "ಲೇ ಭೀಮ, ಅತ್ಲಾಗೆ ಹೋಗ್ಲಾ. ಆ ಕಂಬ ಎಬ್ಸೋಕೆ ನಂಗೆ ಮೂರು ದಿನ ಹಿಡ್ದದೆ," ಎಂದರು. ಭೀಮನೂ ನಕ್ಕ, ದುರ್ಯೋಧನನೂ ನಕ್ಕ. ಮೇಷ್ಟ್ರು ನಗಲಿಲ್ಲ.

ತೊಂಬತ್ತರ ದಶಕದ ಮೊದಲಿಗೇ ಅವರ ಕೈ ನಡುಗಲು ಶುರುವಾಯಿತು. ಕೊನೆಯದಾಗಿ ಬರೆದ ಆರು ಪರದೆಗಳನ್ನು ನಾಗಮಂಗಲ ಕಡೆಯ ಎರಡು ಊರಿನವರು ಸೇರಿ ಕೇಳಿದರು. ಮಾರಿಬಿಡಲು ಇವರಿಗೆ ಮನಸ್ಸಿಲ್ಲ. ಹೈಸ್ಕೂಲು ಓದುತ್ತಿದ್ದ ಒಬ್ಬಳೇ ಮಗಳು ಮುಂದೆ ಅವನ್ನು ನೋಡಿಕೊಂಡೇ ಕೆಲಸ ಕಲಿಯಬೇಕು ಅನ್ನುವುದು ಅವರ ಆಸೆ.

"ಐದು ವರ್ಷ ಅವ್ರದೇ ಅಂದ್ಕಳ್ಲಿ ರೈಟ್ರೇ. ಆರ್ ತಿಂಗ್ಳು ಈ ಊರು, ಆರ್ ತಿಂಗ್ಳು ಆ ಊರು. ಬ್ಯಾರೆಯವ್ರ ಕುಂಚ ಮಾತ್ರ ಅದ್ರ ಮ್ಯಾಲೆ ಬೀಳಬಾರ್ದು. ಆಮ್ಯಾಕೆ ವಾಪಸ್ ನನ್ ಮನೆಗೆ. ಇಂಗೇ ಬರ್ದ್‌ಬುಡಿ," ಎಂದರು.

ಆರಾರು ತಿಂಗಳ ವಿಷಯ ಬರೆದೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದು ಮಾತಿಗೆಳೆದ. ಕೈ ಮಾತ್ರ ತನ್ನ ಪಾಡಿಗೆ ಓಡಿತು. ಜಮೀನಿನ ಕ್ರಯಪತ್ರಕ್ಕೆ ದಿನಕ್ಕೆ ಹತ್ತು ಸಲ ಬರೆಯುವ ಸಾಲು: "ಪುತ್ರಪೌತ್ರ ಪಾರಂಪರ್ಯವಾಗಿ ನೀವೇ ಅನುಭವಿಸಿಕೊಂಡು ಬರತಕ್ಕದ್ದು, ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇರುವುದಿಲ್ಲ." ಐದು ವರ್ಷವೂ ಇಲ್ಲ, ಕುಂಚದ ಮಾತೂ ಇಲ್ಲ. ಗಡಗಡನೆ ಓದಿ ಹೇಳಿದೆ. ನಮ್ಮ ಓದು ಯಾರಿಗೆ ಅರ್ಥವಾಗಬೇಕು? ಮೇಷ್ಟ್ರು, ಎರಡೂ ಊರಿನವರು, ಎಲ್ಲರೂ ರುಜು ಹಾಕಿದರು.

ಸಂಜೆ ರಿಜಿಸ್ಟರಿಗೆ ನಕಲು ಇಳಿಸುವಾಗ ತಪ್ಪು ಕಣ್ಣಿಗೆ ಬಿತ್ತು. ತಿದ್ದಬೇಕೆಂದರೆ ಹೊಸ ಛಾಪಾಕಾಗದ ಬೇಕು, ಎರಡೂ ಊರಿನವರು ಮತ್ತೆ ಬರಬೇಕು, ಕಚೇರಿ ಮುಂದೆ ನನ್ನ ಮಾನ ಹರಾಜು. ನಾಳೆ ನೋಡೋಣ ಅಂದುಕೊಂಡೆ. ನೋಡಲಿಲ್ಲ.

ಐದು ವರ್ಷ ತುಂಬಿದ ವಾರವೇ ಮೇಷ್ಟ್ರು ಪರದೆ ಕೇಳಲು ಹೋದರು. ಊರಿನವರು ಕೆಟ್ಟವರೇನಲ್ಲ, ಐದು ವರ್ಷದ ಹಿಂದಿನ ಬಾಯಿಮಾತು ಮರೆತಿದ್ದರು. ಪತ್ರ ತೆಗೆದು ಓದಿಸಿದರು, ಅದರಲ್ಲಿದ್ದ ಹಾಗೆ ನಡೆದುಕೊಂಡರು. ನಾಲ್ಕು ಪರದೆಗಳ ಮೇಲೆ ಆಗಲೇ ಬೇರೊಬ್ಬ ಹೊಸ ಬಣ್ಣ ಬಳಿದಾಗಿತ್ತು. ಮಿಕ್ಕ ಎರಡನ್ನು ಶಾಮಿಯಾನದವನಿಗೆ ಕೊಟ್ಟಿದ್ದರು.

ಮೇಷ್ಟ್ರು ಪತ್ರದ ನಕಲು ಹಿಡಿದು ನೇರ ನನ್ನ ಹತ್ತಿರ ಬಂದರು. "ಇದ್ರಲ್ಲಿ ನಂದು ಅಂತ ಎಲ್ಲೂ ಇಲ್ವಂತೆ. ವಸಿ ನೋಡಿ ರೈಟ್ರೇ."

ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಕನ್ನಡಕ ಒರೆಸಿಕೊಂಡು, "ಕಾನೂನೇ ಹಂಗೆ ಮೇಷ್ಟ್ರೇ. ಒಂದ್ಸಲ ಕೈ ದಾಟಿದ ಚಿತ್ರ ತಗೊಂಡೋರ್ದೇ," ಎಂದೆ. ಅಂಥ ಕಾನೂನು ಎಲ್ಲೂ ಇರಲಿಲ್ಲ. ನಾಚಿಕೆಗೆಟ್ಟ ನಾಲಿಗೆ, ಹೇಳಿಬಿಟ್ಟಿತು.

ಅವರು ನಕಲನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಕಾನೂನೇ ಅಂಗಂದ್ಮೇಲೆ ನೀವ್ ತಾನೆ ಏನ್ ಮಾಡೀರಿ ಬುಡಿ," ಎಂದು ನನಗೇ ಸಮಾಧಾನ ಹೇಳಿ, ಟೀ ಕುಡಿಸಿ ಹೋದರು.

ಅದಾಗಿ ಎರಡು ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ತಿಥಿ ಮುಗಿದ ಮೇಲೆ ಮಗಳು ಮನೆಯ ಖಾತೆ ಬದಲಾವಣೆಗೆ ಅರ್ಜಿ ಬರೆಸಲು ಬಂದಳು. ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದಳು. ಪರದೆ ಬರೆಯೋದು ಕಲಿಯಲಿಲ್ವೇನಮ್ಮ ಎಂದು ಕೇಳಿದೆ. ಯಾಕೆ ಕೇಳಿದೆನೋ.

"ನೋಡ್ಕಂಡು ಬರಿಯೋಕೆ ಏನೂ ಇರ್ನಿಲ್ವಲ್ಲ ಸಾರ್," ಎಂದಳು.

ಮರದ ಕೆಳಗೆ ಇನ್ನೂ ನಾಲ್ಕು ಜನ ಪತ್ರ ಬರೆಯುವವರು ಖಾಲಿ ಕೂತಿದ್ದರು. ನನ್ನ ಹತ್ತಿರವೇ ಯಾಕೆ ಬಂದೆ ಅಂದೆ.

"ಅಪ್ಪ ಹೇಳಿದ್ರು. ಏನೇ ಬರ್ಸೋದಿದ್ರೂ ರೈಟ್ರ ತಾವ್ಲೇ ಬರ್ಸು, ಅವ್ರು ತಪ್ಪು ಬರಿಯೋರಲ್ಲ ಅಂತ."

ಅರ್ಜಿ ಬರೆದೆ. ಮೂರು ಸಲ ಓದಿ ನೋಡಿ ಕೊಟ್ಟೆ. ಆ ಪತ್ರದ ವಿಷಯ ಮಾತ್ರ ಅವಳಿಗೆ ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.